ಕವಡೆ ಹೊತ್ತ ಚೀನೀ ಅಕ್ಷರಗಳು

ನೇತ್ರಾವತಿ ಕಡಲು ಸೇರುವ ಉಳ್ಳಾಲದ ಆಸುಪಾಸಿನಲ್ಲಿ ಮರುವಾಯಿ ಅಡುಗೆಮನೆಯ ವಸ್ತು. ಅದರ ಚಿಪ್ಪನ್ನು ಸುಟ್ಟರೆ ಸುಣ್ಣ. ಕವಡೆಯ ದಾರಿ ಬೇರೆ. ಇಂದು ಜೋಯಿಸರ ಪ್ರಶ್ನೆಗೂ ಚೌಕಾಬಾರಕ್ಕೂ ಮೀಸಲಾಗಿರುವ ಈ ಚಿಪ್ಪು ಹಿಂದೆ ಹಣವೇ ಆಗಿತ್ತು. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ಜಗಳಕ್ಕೆ ನಿಂತವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ.

ನಮ್ಮಲ್ಲಿ ಮಾತಿನಲ್ಲಿ ಉಳಿದ ಕವಡೆ ಚೀನದಲ್ಲಿ ಬರಹದೊಳಗೇ ಕುಳಿತಿದೆ. ಆ ಲಿಪಿಯಲ್ಲಿ ನಮ್ಮಂತೆ ಕಾಗುಣಿತವಿಲ್ಲ. ಎಷ್ಟೋ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಕಡೆಗೆ ಬೆರಳು ತೋರಿಸುತ್ತದೆ, ಇನ್ನೊಂದು ಉಚ್ಚಾರವನ್ನು ಸೂಚಿಸುತ್ತದೆ. ನಿಘಂಟುಗಳು ಅಕ್ಷರಗಳನ್ನು ಇಂಥ ಅಂಗಗಳ ಮೇಲೆಯೇ ಗುಂಪು ಮಾಡುತ್ತವೆ. 1716ರ ಕಾಂಗ್‌ಶಿ ನಿಘಂಟಿನಲ್ಲಿ 214 ಗುಂಪುಗಳು, 154ನೆಯದು ಚಿಪ್ಪು. ಚೀನೀಯರಿಗೆ ಅದು 'ಬೇಯ್', ಜಪಾನೀಯರಿಗೆ 'ಕಾಯ್'.

ಕೊಳ್ಳು, ಮಾರು, ಸರಕು, ಸಂಪತ್ತು, ಕಪ್ಪಕಾಣಿಕೆ, ಜೂಜು: ಎಲ್ಲದರಲ್ಲೂ ಚಿಪ್ಪುಂಟು. 'ಬಡವ' ಎಂಬ ಅಕ್ಷರದಲ್ಲಿ ಚಿಪ್ಪಿನ ಮೇಲೆ 'ಹಂಚು' ಎಂಬ ಗುರುತು. ಇದ್ದುದು ಹಂಚಿಹೋದರೆ ಬಡತನವಲ್ಲದೆ ಮತ್ತೇನು? ಆದರೆ 'ದುರಾಸೆ'ಯ ಅಕ್ಷರವೂ ಅದರ ಅವಳಿಯಂತೆ ಕಾಣುತ್ತದೆ. ಕಲಿಯುವ ಮಕ್ಕಳು ಒಂದಕ್ಕೆ ಇನ್ನೊಂದನ್ನು ಬರೆದುಬಿಡುತ್ತಾರೆ.

ಕಂಡದ್ದೆಲ್ಲ ಚಿಪ್ಪಲ್ಲ ಎಂಬ ಎಚ್ಚರವೂ ಬೇಕು. ಇದೇ ಗುಂಪಿನ ಒಂದು ಅಕ್ಷರಕ್ಕೆ ಪುರಾತನ ಅರ್ಥ 'ಶಕುನ ಕೇಳುವುದು'. ನಮ್ಮ ಕವಡೆ ಪ್ರಶ್ನೆ ಚೀನದಲ್ಲೂ ಇತ್ತೆಂದು ಹಾರಿಬಿಡುವಂತಿಲ್ಲ. ಅಲ್ಲಿದ್ದುದು ಮೂರು ಕಾಲಿನ ಕಂಚಿನ ಪಾತ್ರೆಯ ಚಿತ್ರ. ಗೆರೆಗಳು ಸವೆದು ಚಿಪ್ಪಿನಂತಾಯಿತು.

ಕವಡೆಯ ಮಾನವನ್ನು ಸಮಾಧಿಗಳೂ ಹೇಳುತ್ತವೆ. ಸುಮಾರು 3200 ವರ್ಷ ಹಿಂದಿನ ರಾಣಿ ಫು ಹಾವೊಳ ಸಮಾಧಿಯನ್ನು 1976ರಲ್ಲಿ ಅಗೆದಾಗ ಸಿಕ್ಕ ಕವಡೆಗಳು ಏಳು ಸಾವಿರದ ಹತ್ತಿರ. 15ನೇ ಶತಮಾನದಲ್ಲಿ ಚೀನೀ ನೌಕಾಪಡೆಯೊಡನೆ ಬಂದ ಮಾ ಹುವಾನ್, ಮಾಲ್ದೀವಿನ ಜನ ಕವಡೆಯನ್ನು ರಾಶಿ ಹಾಕಿ, ಮಾಂಸ ಕೊಳೆತ ಮೇಲೆ ಬಂಗಾಳಕ್ಕೂ ಸಯಾಮಿಗೂ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಯುನ್ನಾನ್ ಪ್ರಾಂತದಲ್ಲಂತೂ 17ನೇ ಶತಮಾನದವರೆಗೆ ಅದು ಚಲಾವಣೆಯಲ್ಲಿತ್ತು.

1956ರಿಂದ ಚೀನ ಲಿಪಿಯನ್ನು ಸರಳಗೊಳಿಸಿತು. ಏಳು ಗೆರೆಯ ಚಿಪ್ಪು ನಾಲ್ಕಕ್ಕೆ ಇಳಿಯಿತು. ಬರೆಯುವ ಕೈಗೆ ಸುಖವಾಯಿತು, ನಿಜ. ಆದರೆ 'ಕೊಳ್ಳು', 'ಮಾರು' ಎರಡರಿಂದಲೂ ಚಿಪ್ಪು ಮಾಯವಾಯಿತು. ತೈವಾನ್, ಹಾಂಗ್‌ಕಾಂಗ್‌ಗಳು ಹಳೆಯದನ್ನೇ ಇಟ್ಟುಕೊಂಡಿವೆ. ಜಪಾನಿನದು ವಿಚಿತ್ರ: ಮಹಾಯುದ್ಧದ ನಂತರದ ಸುಧಾರಣೆಯಲ್ಲಿ ಅಲ್ಲಿ 'ಮಾರು' ತನ್ನ ಚಿಪ್ಪನ್ನು ಕಳೆದುಕೊಂಡಿತು, 'ಕೊಳ್ಳು' ಮಾತ್ರ ಇಂದಿಗೂ ಹೊತ್ತುಕೊಂಡಿದೆ.