ಅಂಚಿಗಿಂತ ಮೂರು ಹೆಜ್ಜೆ ಹಿಂದೆ

ಬೆಳ್ತಂಗಡಿಯ ಕಡೆಗೆ ಹೋದವರಿಗೆಲ್ಲ ಆ ಬಂಡೆಯ ಪರಿಚಯವಿದೆ. ತೋಟಗಳ ನಡುವಿನಿಂದ ಒಮ್ಮೆಲೇ ಎದ್ದು ನಿಂತ ಬೋಳು ಕರಿಗಲ್ಲು. ಊರವರು ಅದನ್ನು ಗಡಾಯಿಕಲ್ಲು ಎನ್ನುತ್ತಾರೆ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 1,700 ಅಡಿ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದರು. ಅವರ ತಾಯಿ ಜಮಾಲಾಬಿಯ ಹೆಸರಿನಿಂದ ಅದು ಜಮಾಲಾಬಾದ್ ಆಯಿತೆನ್ನುತ್ತಾರೆ.

ಟಿಪ್ಪು ಈ ಜಾಗವನ್ನೇ ಯಾಕೆ ಆರಿಸಿದರು ಎಂಬುದು ಹತ್ತುವಾಗಲೇ ನಿಮಗೆ ತಿಳಿಯುತ್ತದೆ. ಮೇಲಕ್ಕೆ ಇರುವುದು ಬಂಡೆಯಲ್ಲೇ ಕಡಿದ ಒಂದೇ ಒಂದು ಇಕ್ಕಟ್ಟಾದ ದಾರಿ, 1,800ಕ್ಕೂ ಹೆಚ್ಚು ಮೆಟ್ಟಿಲುಗಳು. ಉಳಿದ ಕಡೆಗಳಲ್ಲೆಲ್ಲ ಕಡಿದಾದ ಕಲ್ಲು. ಕೆಲವೇ ಮಂದಿ ಮೇಲೆ ನಿಂತರೆ ಒಂದು ದಂಡನ್ನೇ ತಡೆಯಬಹುದು. ಆದರೆ ಶತ್ರುವನ್ನು ತಡೆಯಲೆಂದು ಆರಿಸಿದ ಪ್ರಪಾತ, ನೋಡಲು ಬಂದ ಅತಿಥಿಯನ್ನೂ ಗುರುತಿಸುವುದಿಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ಮನೆಯವರೊಂದಿಗೆ ಅಲ್ಲಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಮಕ್ಕಳಿಗೆ ನನ್ನ ಉಪದೇಶ ನಡೆದೇ ಇತ್ತು. ಓಡಬೇಡಿ, ತಳ್ಳಬೇಡಿ, ಕಾಲ ಕೆಳಗೆ ನೋಡಿ! ಮೇಲೆ ತಲುಪಿದಾಗ ಕುದುರೆಮುಖದ ಸಾಲು ಬೆಟ್ಟಗಳು ನೀಲಿಯಾಗಿ ಹರಡಿದ್ದವು. ಮಗನನ್ನು ನಿಲ್ಲಿಸಿ ಮೊಬೈಲ್ ಹಿಡಿದೆ. ಬೆಟ್ಟ ಪೂರ್ತಿ ಚಿತ್ರದಲ್ಲಿ ಬರಲೆಂದು, "ಇನ್ನು ಸ್ವಲ್ಪ ಹಿಂದೆ ಹೋಗು" ಎಂದೆ. ಅವನು ಹೋದ. "ಇನ್ನೊಂದು ಹೆಜ್ಜೆ" ಎಂದೆ. ಆಗ ನನ್ನ ಪತ್ನಿ ಕೂಗಿಕೊಂಡಳು. ಮಗ ಬೆಚ್ಚಿ ಅಲ್ಲೇ ಕುಳಿತುಬಿಟ್ಟ. ಅವನ ಹಿಮ್ಮಡಿಯ ಹಿಂದೆ ಬಂಡೆ ಇಳಿಜಾರಾಗಿ ಬಾಗತೊಡಗಿತ್ತು. ಮೊಬೈಲಿನ ಪರದೆಯಲ್ಲಿ ಅದು ನನಗೆ ಕಂಡೇ ಇರಲಿಲ್ಲ. ಉಪದೇಶ ಮಾಡಿದವನೇ ಮಗನನ್ನು ಅಂಚಿಗೆ ಕಳುಹಿಸುತ್ತಿದ್ದೆ.

ಇಂಥ ಬಂಡೆಗಳ ಗುಣವೇ ಹಾಗೆ. ಗ್ರಾನೈಟ್ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತಾ ಗುಮ್ಮಟದ ಆಕಾರ ಪಡೆಯುತ್ತದೆ. ಮನೆಯ ಟೆರೇಸಿಗೆ ಇರುವಂಥ ಸ್ಪಷ್ಟವಾದ ಅಂಚು ಇಲ್ಲಿರುವುದಿಲ್ಲ. ಸಮತಟ್ಟಾದ ಕಲ್ಲು ಮೆಲ್ಲಗೆ ಬಾಗುತ್ತದೆ, ಮತ್ತಷ್ಟು ಬಾಗುತ್ತದೆ. ಜಾರುತ್ತಿದ್ದೇವೆಂದು ತಿಳಿಯುವ ಹೊತ್ತಿಗೆ ಹಿಡಿಯಲು ಏನೂ ಇರುವುದಿಲ್ಲ. ಅದರ ಮೇಲೆ ಉದುರಿದ ಸಣ್ಣ ಹರಳುಗಳು ಕಾಲಡಿಯಲ್ಲಿ ಗೋಲಿಗಳಂತೆ ಉರುಳುತ್ತವೆ. ಒಣಗಿದ ಹುಲ್ಲೂ ಜಾರುತ್ತದೆ. ಮಳೆ ಬಿದ್ದರೆ ಪಾಚಿ ಸಾಬೂನಿನಂತಾಗುತ್ತದೆ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಚಾರಣವನ್ನು ನಿಷೇಧಿಸುವುದು ಸುಮ್ಮನಲ್ಲ.

ಹಾಗಾದರೆ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಬಾರದೇ? ಖಂಡಿತ ಕರೆದೊಯ್ಯಿರಿ. ಟಿವಿಯ ಮುಂದೆ ಬೆಳೆಯುವ ಮಗು ಬಂಡೆಯ ಒರಟನ್ನು ಅಂಗೈಯಲ್ಲಿ ಅರಿಯಲಿ. ಆದರೆ ಕೆಲವು ನಿಯಮಗಳಿರಲಿ. ಕಲ್ಲು ಬಾಗತೊಡಗುವ ಜಾಗಕ್ಕಿಂತ ಮೂರು ಹೆಜ್ಜೆ ಹಿಂದೆಯೇ ನಿಲ್ಲಿ. ಕೆಳಗಿನ ನೋಟ ಬೇಕೆಂದರೆ ಅಲ್ಲೇ ಕುಳಿತು ನೋಡಿ. ನಡೆಯುವಾಗ ನೋಡಬೇಡಿ, ನೋಡುವಾಗ ನಡೆಯಬೇಡಿ. ಯಾರನ್ನೂ ಹಿಂದಕ್ಕೆ ನಡೆಸಿ ಫೋಟೋ ತೆಗೆಯಬೇಡಿ, ಹಿಂದೆ ಹೋಗಬೇಕಾದವನು ಫೋಟೋ ತೆಗೆಯುವವನೇ, ಅದೂ ಬೆನ್ನ ಹಿಂದೆ ನೋಡಿಕೊಂಡು. ಬಂಡೆಯ ಮರೆಯಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು, ಆದ್ದರಿಂದ ಹೊಗೆ, ಕಲ್ಲೆಸೆತ ಬೇಡವೇ ಬೇಡ. ಗುಡುಗು ಕೇಳಿದರೆ ಕೂಡಲೇ ಇಳಿಯಿರಿ. ಇಳಿಯುವಾಗ ಕಾಲು ಸೋತಿರುತ್ತದೆ, ಮೊಣಕಾಲು ನಡುಗುತ್ತದೆ. ಮುಂದೊಬ್ಬರು, ಹಿಂದೊಬ್ಬರು ಹಿರಿಯರಿದ್ದು ಮಕ್ಕಳು ನಡುವೆ ಇರಲಿ.

ಅಂದಿನ ಆ ಚಿತ್ರವನ್ನು ನಾನು ಅಳಿಸಿಲ್ಲ. ಅದರಲ್ಲಿ ಬೆಟ್ಟ ಅರ್ಧವೇ ಬಂದಿದೆ. ಮಗ ಕಲ್ಲಿನ ಮೇಲೆ ಕುಳಿತಿದ್ದಾನೆ, ಮುಖದಲ್ಲಿ ನಗುವಿಲ್ಲ. ಮನೆಗೆ ಬಂದವರು, "ಇದೇನು, ಫೋಟೋ ಸರಿಯಾಗಿ ಬಂದಿಲ್ಲವಲ್ಲ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಿಂತ ಚೆನ್ನಾದ ಫೋಟೋ ಇನ್ನೊಂದಿಲ್ಲ.