ತರಕಾರಿ ಫ್ರೈಡ್ ರೈಸಿಗೆ ತಂಗಳನ್ನ ಬೇಡ

ಪೇಟೆಯಿಂದ ಹಳ್ಳಿಯ ಅಡುಗೆಮನೆಗೂ ಬಂದಿರುವ ಫ್ರೈಡ್ ರೈಸಿಗೆ ರಾತ್ರಿ ಮಿಕ್ಕ ಅನ್ನವನ್ನು ಬಳಸುವ ರೂಢಿಯಿದೆ. ಆರಿದ ಅನ್ನ ಉದುರುದುರಾಗಿರುವುದರಿಂದ ಇದು ಸುಲಭವೇನೋ ಹೌದು. ಆದರೆ ಮಣ್ಣಿನಿಂದ ಭತ್ತದೊಡನೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಉಳಿದ ಅನ್ನದಲ್ಲಿ ಅವು ಮೊಳೆತು ವಿಷವನ್ನುಂಟುಮಾಡುತ್ತವೆ. ಮತ್ತೆ ಹುರಿದರೂ ಈ ವಿಷ ನಾಶವಾಗದು. 1970ರ ದಶಕದ ಮೊದಲಲ್ಲಿ ಬ್ರಿಟನ್ನಿನಲ್ಲಿ ಹೋಟೆಲಿನ ಫ್ರೈಡ್ ರೈಸ್ ತಿಂದವರು ವಾಂತಿಯಿಂದ ನರಳಿದಾಗ ಇದು ಬೆಳಕಿಗೆ ಬಂತು.

ಆದುದರಿಂದ ಅನ್ನವನ್ನು ಆಗಲೇ ಮಾಡಿಕೊಳ್ಳುವುದು ಲೇಸು. 2 ಲೋಟ ಹಳೆಯ ಅಕ್ಕಿಯನ್ನು (ಹೊಸ ಅಕ್ಕಿಯಾದರೆ ಅನ್ನ ಮುದ್ದೆಯಾಗುತ್ತದೆ) ಧಾರಾಳ ನೀರಿನಲ್ಲಿ ಬೇಯಿಸಿ, ಅಗುಳು ಸ್ವಲ್ಪ ಗಟ್ಟಿಯಿರುವಾಗಲೇ ಗಂಜಿ ಬಸಿದು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಬೇಕು. ಅರ್ಧ ಗಂಟೆಯಲ್ಲಿ ಆರುತ್ತದೆ. ಗಂಜಿಯನ್ನು ಚೆಲ್ಲಬೇಕಾಗಿಲ್ಲ, ಸಾರಿಗಾಗುತ್ತದೆ, ಇಲ್ಲವೇ ಕಲಗಚ್ಚಿಗಾಗುತ್ತದೆ.

ಹುರುಳಿಕಾಯಿ, ಗಜ್ಜರಿ, ಎಲೆಕೋಸು, ದೊಣ್ಣೆಮೆಣಸಿನಕಾಯಿ, ಹಿತ್ತಲಲ್ಲಿ ಯಾವುದಿದೆಯೋ ಅದನ್ನು 2 ಲೋಟದಷ್ಟು ಸಣ್ಣಗೆ ಹೆಚ್ಚಬೇಕು. ಬಾಣಲೆಯಲ್ಲಿ 3 ಚಮಚ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ, ಈರುಳ್ಳಿ, ಗಟ್ಟಿ ತರಕಾರಿ, ಕೊನೆಗೆ ಕೋಸು ಹಾಕಿ ದೊಡ್ಡ ಉರಿಯಲ್ಲಿ 4-5 ನಿಮಿಷ ಬಾಡಿಸಬೇಕು. ಉಪ್ಪು ಮೊದಲೇ ಹಾಕಿದರೆ ತರಕಾರಿ ನೀರು ಬಿಡುತ್ತದೆ. ಅನ್ನದ ಜೊತೆಗೇ ಹಾಕಬೇಕು. ಸೋಯಾ ಸಾಸ್ ಇಲ್ಲದಿದ್ದರೆ ಕಾಳುಮೆಣಸಿನ ಪುಡಿ, ನಿಂಬೆರಸ ಸಾಕು. ಬಿಸಿಯಿರುವಾಗಲೇ ಉಣ್ಣಬೇಕು, ಮರುದಿನಕ್ಕೆ ಹೊರಗೆ ಇಡಬಾರದು.