ಚಕ್ರದ ಮೇಲಿನ ಮನೆಗೆ ವಿದ್ಯುತ್ತು

ಮಲಗಲು ಹಾಸಿಗೆ, ಅಡಿಗೆಗೆ ಒಲೆ, ತಲೆಯ ಮೇಲೆ ಫ್ಯಾನು ಇವೆಲ್ಲವನ್ನೂ ಹೊತ್ತು ಸಾಗುವ ವಾಹನವನ್ನು ಕ್ಯಾರವಾನ್ ಎನ್ನುತ್ತಾರೆ. ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಮೇಲೆ ಈ ಹೆಸರು ನಮ್ಮ ಕಾಸರಗೋಡಿನವರ ಕಿವಿಗೂ ಬಿದ್ದಿದೆ. ಕಂಬವಿಲ್ಲದ, ತಂತಿಯಿಲ್ಲದ ಜಾಗದಲ್ಲಿ ಈ ಮನೆಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ನೋಡೋಣ.

ಇಲ್ಲಿ ಬ್ಯಾಟರಿಯೇ ಕಣಜ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಬ್ಯಾಟರಿ ಕೊಡುವುದು 12 ವೋಲ್ಟಿನ ನೇರ ವಿದ್ಯುತ್ಪ್ರವಾಹ. ಮಿಕ್ಸಿ, ಫ್ಯಾನುಗಳಿಗೆ ಬೇಕಾದದ್ದು 230 ವೋಲ್ಟಿನ ಪರ್ಯಾಯ ಪ್ರವಾಹ. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಯಂತ್ರವೇ ಇನ್ವರ್ಟರ್. ಅದು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಕಣಜ ತುಂಬಲು ಮೂರು ದಾರಿಗಳಿವೆ. ಎಂಜಿನು ಓಡುವಾಗ ಆಲ್ಟರ್ನೇಟರು, ಹಗಲಿನಲ್ಲಿ ಮಾಡಿನ ಮೇಲಿನ ಸೌರಫಲಕ, ತಂಗುದಾಣದಲ್ಲಿ ಸಾಮಾನ್ಯ ಪ್ಲಗ್ಗು. ಆಟಿ ತಿಂಗಳ ಮೋಡದಡಿಯಲ್ಲಿ ಸೌರಫಲಕವೊಂದನ್ನೇ ನಂಬುವಂತಿಲ್ಲ.

ಈಗ ಲೆಕ್ಕ. 12 ವೋಲ್ಟಿನ, 200 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 12 × 200 = 2400 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧದಷ್ಟನ್ನೇ ಬಳಸಬೇಕು. ಪದೇ ಪದೇ ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಇನ್ವರ್ಟರಿನಲ್ಲೂ ಸ್ವಲ್ಪ ನಷ್ಟವಾಗಿ ಕೈಗೆ ಸಿಗುವುದು ಸುಮಾರು 1000. 50 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ 400. 10 ವ್ಯಾಟಿನ 3 ದೀಪಗಳು 5 ಗಂಟೆ ಉರಿದರೆ 150. ಇಷ್ಟಕ್ಕೆ ತೊಂದರೆಯಿಲ್ಲ. ಆದರೆ 1200 ವ್ಯಾಟಿನ ಹವಾನಿಯಂತ್ರಕ ಒಂದೇ ಸಮನೆ ನಡೆದರೆ ಒಂದು ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ! ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯನ್ನು ಪ್ರತ್ಯೇಕವಾಗಿಡುವುದು ಇದಕ್ಕಾಗಿಯೇ. ಇಲ್ಲದಿದ್ದರೆ ಬೆಳಿಗ್ಗೆ ವಾಹನ ನಿಂತಲ್ಲೇ ನಿಂತೀತು.

ಅಪಾಯಗಳನ್ನೂ ತಿಳಿದಿರಬೇಕು. 1000 ವ್ಯಾಟಿಗೆ ಮನೆಯ ತಂತಿಯಲ್ಲಿ 5 ಆಂಪಿಯರಿಗಿಂತ ಕಡಿಮೆ ಪ್ರವಾಹ ಸಾಕು. 12 ವೋಲ್ಟಿನ ತಂತಿಯಲ್ಲಿ 80ಕ್ಕೂ ಹೆಚ್ಚು ಆಂಪಿಯರು ಹರಿಯಬೇಕು. ತಂತಿ ತೆಳುವಾಗಿದ್ದರೆ ಕಾದು ಬೆಂಕಿ ಹಿಡಿಯಬಹುದು. ಆದುದರಿಂದ ದಪ್ಪ ತಂತಿಯೂ ಬ್ಯಾಟರಿಯ ಸಮೀಪದಲ್ಲೇ ಫ್ಯೂಸೂ ಅವಶ್ಯ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡಲು ದಾರಿಯಿರಬೇಕು. ಹತ್ತಿರ ಬೆಂಕಿಕಡ್ಡಿ ಗೀರಬಾರದು. ಆಮ್ಲ ಮೈಗೆ ತಗಲಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು.

ಮಕ್ಕಳೇ, ಕ್ಯಾರವಾನ್ ನಮ್ಮಲ್ಲಿ ಇಲ್ಲದಿರಬಹುದು. ಮಳೆಗಾಲದಲ್ಲಿ ಕರೆಂಟು ಹೋದಾಗ ಅನೇಕ ಮನೆಗಳಿಗೆ ಇದೇ ಬ್ಯಾಟರಿ, ಇದೇ ಇನ್ವರ್ಟರ್ ಆಸರೆ. ನಿಮ್ಮ ಮನೆಯ ಉಪಕರಣಗಳ ಮೇಲೆ ಬರೆದಿರುವ ವ್ಯಾಟುಗಳನ್ನು ಓದಿ, ತಂದೆತಾಯಿಯರೊಡನೆ ಕುಳಿತು ಒಂದು ರಾತ್ರಿಯ ಲೆಕ್ಕ ಹಾಕಿ ನೋಡಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ವಿದ್ಯುತ್ತಿಗೂ ಸಲ್ಲುತ್ತದೆ.